ಬಟ್ವಾ ಅಜ್ಜನ ಹಿಂದೆ ಕಾಡಿನಲ್ಲಿ

ಉಗಾಂಡಾದ ಕಂಪಾಲಾಕ್ಕೆ ಬಂದು ಹತ್ತು ವರ್ಷ ಆಯಿತು. ಊರಿಂದ ಬರುವವರೆಲ್ಲ ಕೇಳುವುದು ಗೊರಿಲ್ಲಾ ಒಂದನ್ನೇ. ನೋಡಲಿ, ಬೇಡ ಅನ್ನಲ್ಲ. ಆದರೆ ಅಷ್ಟು ದೂರ ಹೋಗಿ, ಆ ಕಾಡಲ್ಲೇ ಬಾಳಿದ ಬಟ್ವಾ ಜನರನ್ನು ಮಾತಾಡಿಸದೆ ಬಂದರೆ ಹೇಗೆ? ಅದಕ್ಕೇ ವರ್ಷಕ್ಕೆ ಎರಡು ಸಲ ಐದಾರು ಗೆಳೆಯರನ್ನು ಕಟ್ಟಿಕೊಂಡು ಆ ಕಾಡಿನ ಹತ್ತಿರದ ಊರು ಕಿಸೋರೊ ಕಡೆ ಹೊರಡುತ್ತೇನೆ. ಬೆಳಿಗ್ಗೆ ವ್ಯಾನ್ ಹತ್ತಿದರೆ ತಲುಪುವಷ್ಟರಲ್ಲಿ ಕತ್ತಲೆ.

ಮೊದಲನೇ ಸಲ ನಾನು ಮಾಡಿದ್ದು ಹೇಳಿಕೊಳ್ಳೋಕೆ ನಾಚಿಕೆ. ಒಬ್ಬ ಮಧ್ಯವರ್ತಿ ಬಟ್ವಾ ಹಳ್ಳಿ ತೋರಿಸ್ತೀನಿ ಅಂದ. ದುಡ್ಡು ಅವನ ಕೈಗೇ ಕೊಟ್ಟೆ. ರಸ್ತೆ ಪಕ್ಕ ಹತ್ತು ಗುಡಿಸಲು. ನಮ್ಮ ವ್ಯಾನ್ ಕಂಡಿದ್ದೇ ಜನ ಎದ್ದು ಕುಣಿಯತೊಡಗಿದರು. ಇಪ್ಪತ್ತು ನಿಮಿಷ ಅಷ್ಟೇ. ಫೋಟೊ ತೆಗೆದೆವು, ಚಪ್ಪಾಳೆ ಹೊಡೆದೆವು, ಹೊರಟೆವು. ವಾಪಸ್ ಹತ್ತುವಾಗ ಒಬ್ಬಾಕೆ ಕೈ ಚಾಚಿದಳು. ವಿಚಾರಿಸಿದರೆ, ಅಷ್ಟೂ ದುಡ್ಡಿಗೆ ಅವರಿಗೆ ಸಿಕ್ಕಿದ್ದು ಒಂದು ಮೂಟೆ ಜೋಳದ ಹಿಟ್ಟು.

ಈಗ ಮ್ಗಾಹಿಂಗಾ ನ್ಯಾಷನಲ್ ಪಾರ್ಕಿನ ಬಟ್ವಾ ಟ್ರೇಲ್‌ಗೆ, ಅಂದರೆ ಬಟ್ವಾ ಜನರ ಜೊತೆ ಕಾಡಲ್ಲಿ ನಡೆಯುವ ದಾರಿಗೆ, ಹೋಗುತ್ತೇನೆ. ಹಣವನ್ನು ಪಾರ್ಕ್ ಆಫೀಸಿನಲ್ಲೇ ಕಟ್ಟಿ ರಸೀದಿ ತಗೊಳ್ಳುತ್ತೇನೆ. ದಾರಿ ತೋರಿಸುವವರೂ, ಹಾಡುವವರೂ ಬಟ್ವಾ ಜನರೇ. ಅವರ ಪಾಲು ಎಷ್ಟು ಅಂತ ಅಲ್ಲೇ ಕೇಳುತ್ತೇನೆ. ಮುಜುಗರ ಪಡೋದು ಬಿಟ್ಟಿದ್ದೇನೆ.

1991ರಲ್ಲಿ ಗೊರಿಲ್ಲಾ ಇರುವ ಬ್ವಿಂಡಿ, ಮ್ಗಾಹಿಂಗಾ ಕಾಡುಗಳೆರಡೂ ನ್ಯಾಷನಲ್ ಪಾರ್ಕ್ ಆದವು. ಗೊರಿಲ್ಲಾ ಉಳಿಯಬೇಕು ಅಂತ ಬಟ್ವಾ ಜನರನ್ನು ಹೊರಗೆ ಹಾಕಿದರು. ಜಮೀನು ಇಲ್ಲದ ಅವರು ಬೇರೆಯವರ ಹೊಲದ ಅಂಚಲ್ಲಿ ಕೂಲಿ ಮಾಡಿಕೊಂಡು ಉಳಿದರು. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಇಷ್ಟನ್ನು ವ್ಯಾನಿನಲ್ಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಾಡಲ್ಲಿ ದಾರಿ ತೋರಿಸುವ ಬಟ್ವಾ ಅಜ್ಜ ಬಿಲ್ಲು ಎಳೆದು ತೋರಿಸುವುದು ಬರೀ ಅಭಿನಯ. ಬಾಣ ಬಿಡುವ ಹಾಗಿಲ್ಲ, ಪಕ್ಕದಲ್ಲೇ ರೇಂಜರ್ ನಿಂತಿರುತ್ತಾನೆ. ಇದು ಗೊತ್ತಿಲ್ಲದಿದ್ದರೆ ಜನ ಸುಮ್ನೆ ನಗುತ್ತಾರೆ.

ಇನ್ನೊಂದು ತೊಂದರೆ ಭಾಷೆಯದು. ಅಜ್ಜ ಅಲ್ಲಿನ ರುಫುಂಬಿರಾ ಭಾಷೆಯಲ್ಲಿ ಐದು ನಿಮಿಷ ಮಾತಾಡಿದರೆ ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಸಾಲು: ಈ ಸೊಪ್ಪು ಹೊಟ್ಟೆನೋವಿಗೆ ಒಳ್ಳೆಯದು. ಉಳಿದ ಮಾತೆಲ್ಲ ಎಲ್ಲಿ ಹೋಯಿತು? ಈಗ ಹಿಂದಿನ ದಿನವೇ ದುಭಾಷಿ ಜೊತೆ ಟೀ ಕುಡಿಯುತ್ತಾ, ಜೋಕು ಸಹ ಬಿಡಬೇಡ ಅಂತ ಹೇಳಿಡುತ್ತೇನೆ.

ಹೋದ ಸಲ ರಾತ್ರಿಯೆಲ್ಲ ಮಳೆ. ಅಜ್ಜ ಬೆಂಕಿ ಮಾಡಲು ಕೂತರು. ಮೆದು ಮರದ ಚಪ್ಪಟೆ ತುಂಡನ್ನು ಕಾಲಲ್ಲಿ ಒತ್ತಿ ಹಿಡಿದು, ಅದರ ಕುಳಿಗೆ ಗಟ್ಟಿ ಕಡ್ಡಿ ಇಟ್ಟು, ಅಂಗೈ ನಡುವೆ ಮೊಸರು ಕಡೆದ ಹಾಗೆ ತಿರುವಿದರು. ಕೈ ಕೆಳಗೆ ಜಾರಿದಾಗ ಇನ್ನೊಬ್ಬ ಮೇಲಿಂದ ಹಿಡಿಯುತ್ತಿದ್ದ. ಹೊಗೆ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಹದಿನೈದು ನಿಮಿಷ ಆದ ಮೇಲೆ ನಮ್ಮವನೊಬ್ಬ ಜೇಬಿಂದ ಲೈಟರ್ ತೆಗೆದು ಕೊಟ್ಟ. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಅಜ್ಜ ಲೈಟರನ್ನು ತಿರುಗಿಸಿ ನೋಡಿದರು, ಹಚ್ಚಿ ನೋಡಿದರು, ತಮ್ಮ ಜೇಬಿಗೆ ಹಾಕಿಕೊಂಡರು. ಮತ್ತೆ ಕಡ್ಡಿ ತಿರುವಿದರು. ಕೊನೆಗೆ ಒಣ ನಾರಿನೊಳಗೆ ಕಿಡಿ ಕೂತಿತು.

ದಾರಿ ಮುಗಿಯುವುದು ಗರಾಮಾ ಗುಹೆಯಲ್ಲಿ. ನೆಲದಡಿ, ಕಡು ಕತ್ತಲೆ. ಅಲ್ಲಿ ಬಟ್ವಾ ಹೆಂಗಸರು ಹಾಡುತ್ತಾರೆ. ಅದರ ಬಗ್ಗೆ ಮೊದಲೇ ಜಾಸ್ತಿ ಹೇಳಲ್ಲ. ಟಾರ್ಚ್, ಫೋನ್ ಆರಿಸಿ ಅನ್ನುತ್ತೇನೆ, ಅಷ್ಟೇ. ಹಾ, ಫುಲ್ ಪ್ಯಾಂಟು ಮರೆಯಬೇಡಿ, ತುರಿಕೆ ಗಿಡ ಜಾಸ್ತಿ. ಮಳೆ ಬೇಡ ಅಂದರೆ ಜೂನ್‌ನಿಂದ ಆಗಸ್ಟ್ ಒಳ್ಳೆಯದು.

ಗುಹೆಯಿಂದ ಹೊರಗೆ ಬಂದು ಕೂತಾಗ ಅಜ್ಜನಿಗೆ ನಮ್ಮ ಕಡೆಯ ಜೇನುಕುರುಬರ ವಿಷಯ ಹೇಳಿದೆ. ನಾಗರಹೊಳೆಯಿಂದ ಅವರನ್ನೂ ಹೊರಗೆ ಕಳಿಸಿದ್ದನ್ನೂ ಹೇಳಿದೆ. ಅಜ್ಜ ತಲೆ ಆಡಿಸಿದರು. ಆಮೇಲೆ ಕೇಳಿದರು: ಅವರು ಜೇನು ಕೀಳಲು ಮರ ಹತ್ತುವಾಗ ಹೊಗೆಗೆ ಯಾವ ಸೊಪ್ಪು ಹಾಕ್ತಾರೆ?

ಹುಟ್ಟಿದ್ದು ಹುಣಸೂರಲ್ಲಿ. ಅವರು ಕಿತ್ತ ಜೇನು ತಿಂದೇ ಬೆಳೆದಿದ್ದು. ನನಗೆ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಕೇಳಿಕೊಂಡು ಬರಬೇಕು. ಅಜ್ಜ ಮರೆಯುವವರಲ್ಲ.