ನೀರನ್ನು ಹಿಂಡಿ ಮಂಜುಗಡ್ಡೆ ಮಾಡಿದ ಕತೆ

ಎರಡು ವಜ್ರಗಳ ನಡುವೆ ವಸ್ತುವನ್ನು ಹಿಂಡುವ ಸಾಧನವಾದ ಡೈಮಂಡ್ ಆನ್ವಿಲ್ ಸೆಲ್‌ಗೆ ನಾನು ಮೊದಲು ತುಂಬಿದ್ದು ಬರೀ ನೀರು. ಎರಡು ವಜ್ರಗಳ ಚಪ್ಪಟೆ ತುದಿಗಳ ನಡುವೆ ತೆಳುವಾದ ಉಕ್ಕಿನ ಹಾಳೆ. ಅದರಲ್ಲಿ 200 ಮೈಕ್ರಾನ್ ಅಗಲದ ತೂತು, ಎರಡು ಮೂರು ಕೂದಲೆಳೆಯಷ್ಟು. ಅದೇ ನಮ್ಮ ಪಾತ್ರೆ. ಮೊದಲು ಮಾಣಿಕ್ಯದ ಚೂರು ಇಡಬೇಕು, ಆಮೇಲೆ ಸೂಜಿಮೊನೆಯಷ್ಟು ನೀರು ಬಿಟ್ಟು ತಕ್ಷಣ ಮುಚ್ಚಬೇಕು. ತಡವಾದರೆ ನೀರು ಆರಿ ಗಾಳಿಗುಳ್ಳೆ ಉಳಿಯುತ್ತದೆ. ನನಗೆ ನಾಲ್ಕನೇ ಸಲಕ್ಕೆ ಕೈಕೂಡಿತು. ಹಾರಿಹೋದ ಮಾಣಿಕ್ಯ ಹುಡುಕಿದ್ದೇ ಜಾಸ್ತಿ!

ಒತ್ತಡ ಎಷ್ಟೆಂದು ಹೇಳುವುದೂ ಆ ಮಾಣಿಕ್ಯವೇ. ಲೇಸರ್ ಬಿಟ್ಟರೆ ಅದು 694.2 ನ್ಯಾನೋಮೀಟರ್‌ನಲ್ಲಿ ಕೆಂಪಗೆ ಹೊಳೆಯುತ್ತದೆ. ಒತ್ತಡ 1 ಗಿಗಾಪ್ಯಾಸ್ಕಲ್ ಏರಿದರೆ, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು, ರೋಹಿತದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ) ಕಾಣುವ ಆ ಹೊಳಪಿನ ಗೆರೆ 0.365 ನ್ಯಾನೋಮೀಟರ್ ಸರಿಯುತ್ತದೆ.

ಸ್ಕ್ರೂ ಬಿಗಿಮಾಡುತ್ತಾ ಹೋದೆ. 1 ಗಿಗಾಪ್ಯಾಸ್ಕಲ್ ದಾಟಿದರೂ ನೀರು ನೀರಾಗೇ ಇತ್ತು. ಇನ್ನೊಂದು ಎಳೆ ತಿರುಗಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೂತಿನ ತುಂಬಾ ಮರಳಿನಂತೆ ಹರಳುಗಳು. ಕೋಣೆ 25 ಡಿಗ್ರಿ ಇದ್ದಾಗಲೇ ಮಂಜುಗಡ್ಡೆ! ಇದು ಆರನೇ ಬಗೆಯ ಮಂಜು, ಐಸ್ VI. ಸ್ಕ್ರೂ ಸ್ವಲ್ಪ ಸಡಿಲಿಸಿದೆ, ಒಂದೊಂದೇ ಕರಗಿ ಕೊನೆಗೆ ಒಂದು ಹರಳು ಉಳಿಯಿತು. ಅದನ್ನು ನೋಡಲು ಮೈಕ್ರೋಸ್ಕೋಪಿನ ಫೋಕಸ್ ಕೆಳಗಿಳಿಸಬೇಕಾಯಿತು. ಈ ಮಂಜು ತೇಲಲ್ಲ, ನೀರಿಗಿಂತ ಭಾರ, ಕೆಳಗಿನ ವಜ್ರದ ಮೇಲೆ ಹೋಗಿ ಕೂತಿತ್ತು. ಅವತ್ತು ಬೇರೆ ಏನೂ ಅಳೆಯಲಿಲ್ಲ, ಸುಮ್ನೆ ನೋಡುತ್ತಾ ಕೂತೆ.

ಎಡವಿದ್ದು ಮಾರನೇ ದಿನ. 1.3 ಗಿಗಾಪ್ಯಾಸ್ಕಲ್‌ಗೆ ಒತ್ತಿ, ಸೆಲ್ ಸುತ್ತ ಹೀಟರ್ ಕಟ್ಟಿ 80 ಡಿಗ್ರಿಗೆ ಏರಿಸಿದೆ. ಮಾಣಿಕ್ಯ 2.3 ಅಂತ ತೋರಿಸಿತು. ಬಿಸಿಯಾದ ನೀರು ಹಿಗ್ಗಲು ಜಾಗವಿಲ್ಲ, ಒತ್ತಡ ಏರಿದೆ ಅಂದುಕೊಂಡೆ. ಯಾವ ಒತ್ತಡ, ಯಾವ ಬಿಸಿಗೆ ನೀರು ದ್ರವವೋ ಮಂಜೋ ಎಂದು ತೋರಿಸುವ ನಕ್ಷೆಯ ಪ್ರಕಾರ ಅಷ್ಟು ಒತ್ತಡಕ್ಕೆ 80 ಡಿಗ್ರಿಯಲ್ಲೂ ಅದು ಗಟ್ಟಿಯಾಗೇ ಇರಬೇಕು. ಆದರೆ ತೂತಿನಲ್ಲಿ ಒಂದು ಹರಳೂ ಇಲ್ಲ, ತಿಳಿನೀರು. ನಕ್ಷೆ ತಪ್ಪಿರಲಾರದು ಅಲ್ವಾ? ಅರ್ಧ ದಿನ ಬಿಸಿ ಅಳೆಯುವ ತಂತಿ, ಥರ್ಮೋಕಪಲ್ ಮೇಲೆ ಅನುಮಾನಪಟ್ಟೆ.

ತಪ್ಪು ನನ್ನ ಲೆಕ್ಕದಲ್ಲೇ ಇತ್ತು. ಮಾಣಿಕ್ಯದ ಗೆರೆ ಬಿಸಿಗೂ ಸರಿಯುತ್ತದೆ, ಡಿಗ್ರಿಗೆ ಸುಮಾರು 0.007 ನ್ಯಾನೋಮೀಟರ್. 55 ಡಿಗ್ರಿ ಏರಿದರೆ 1 ಗಿಗಾಪ್ಯಾಸ್ಕಲ್‌ನಷ್ಟೇ ಮೋಸ. ಅದನ್ನು ಕಳೆದಾಗ ಒತ್ತಡ 1.3ರ ಆಸುಪಾಸಿನಲ್ಲೇ ಇತ್ತು. ಅಷ್ಟಕ್ಕೆ 80 ಡಿಗ್ರಿಯಲ್ಲಿ ಮಂಜು ನಿಲ್ಲುವುದಿಲ್ಲ.

ಈಗ ಬಿಸಿ ಮಾಡುವ ದಿನ ಮಾಣಿಕ್ಯದ ಪಕ್ಕ ಸಮೇರಿಯಂ ಬೆರೆಸಿದ ಸ್ಟ್ರಾನ್ಷಿಯಂ ಬೋರೇಟ್ ಪುಡಿಯನ್ನೂ ಹಾಕುತ್ತೇನೆ. ಅದರ ಗೆರೆ ಒತ್ತಡಕ್ಕೆ ಸರಿಯುತ್ತದೆ, ಬಿಸಿಗೆ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಎರಡರ ನಡುವಿನ ವ್ಯತ್ಯಾಸದಿಂದ ತೂತಿನೊಳಗಿನ ಬಿಸಿಯೂ ಗೊತ್ತಾಗುತ್ತದೆ. ಥರ್ಮೋಕಪಲ್ ವಜ್ರದ ಹೊರಗಿರುತ್ತದೆ, ಒಳಗಿನದನ್ನು ಅದು ಅಂದಾಜಿನಲ್ಲೇ ಹೇಳುವುದು.