ಟೆಕ್ಸಸ್ ಲೈಸೆನ್ಸ್ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಮೇಷ್ಟ್ರಾಗಿದ್ದು: ನನ್ನ ಅನುಭವ

ನಾನು ಟೆಕ್ಸಸ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೆ. ಹೆಂಡತಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತು, ಮನೆ ಖಾಲಿ ಮಾಡಿದೆವು. ಅಲ್ಲಿಂದ ಇಲ್ಲಿಗೆ ಬರೋಕೆ ಯೋಚಿಸುತ್ತಿರುವ ಕನ್ನಡದ ಟೀಚರ್‌ಗಳು ಆಗಾಗ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ.

ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ರಾಜ್ಯ ರಾಜ್ಯಗಳ ನಡುವೆ ಒಪ್ಪಂದ ಇದೆಯಂತಲ್ಲ, ಲೈಸೆನ್ಸ್ ಟ್ರಾನ್ಸ್‌ಫರ್ ಆಗಲ್ವಾ?" ಆಗಲ್ಲ. ಇಲ್ಲಿ ಶಿಕ್ಷಕರ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಶಿಕ್ಷಕರ ಲೈಸೆನ್ಸ್ ಬಗ್ಗೆ ರಾಜ್ಯಗಳು ಮಾಡಿಕೊಂಡ ನಾಸ್ಡ್‌ಟೆಕ್ ಒಪ್ಪಂದ ಇದೆ ನಿಜ, ಆದರೆ ಹೊರಗಿನ ತರಬೇತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಉಳಿದ ಶರತ್ತುಗಳನ್ನು ರಾಜ್ಯಗಳು ತಮ್ಮ ಕೈಯಲ್ಲೇ ಇಟ್ಟುಕೊಂಡಿವೆ. 2023ರಲ್ಲಿ ಹತ್ತು ರಾಜ್ಯ ಸೇರಿದ ಮೇಲೆ ಇನ್ನೂ ಸಲೀಸಾದ ಇನ್ನೊಂದು ಒಪ್ಪಂದ ಶುರುವಾಯಿತು, ಅದರಲ್ಲಿ ಕ್ಯಾಲಿಫೋರ್ನಿಯಾ ಇಲ್ಲ. ಹಾಗಾಗಿ ಹೊಸ ಅರ್ಜಿ, ಹೊಸ ಫೀಸು.

ಅರ್ಜಿ ಹೋಗುವುದು ಸ್ಯಾಕ್ರಮೆಂಟೊದಲ್ಲಿರುವ ಸಿಟಿಸಿಗೆ, ಅಂದರೆ ಶಿಕ್ಷಕರಿಗೆ ಕ್ರೆಡೆನ್ಶಿಯಲ್ (ಲೈಸೆನ್ಸಿಗೆ ಇಲ್ಲಿನ ಹೆಸರು) ಕೊಡುವ ಆಯೋಗಕ್ಕೆ. ಫಾರ್ಮ್ 41-4, ಶುಲ್ಕ 100 ಡಾಲರ್. ಪರೀಕ್ಷೆಗಳ ಬಗ್ಗೆ ಜಾಸ್ತಿ ಹೆದರಬೇಡಿ. ಮೊದಲು ಸಿಬೆಸ್ಟ್ ಅಂತ ಓದು, ಬರಹ, ಲೆಕ್ಕದ ಒಂದು ಮೂಲ ಪರೀಕ್ಷೆ ಬರೆಯಬೇಕಿತ್ತು, 2024ರಲ್ಲಿ ಕಾನೂನು ಬದಲಾಗಿ ಪದವಿ ಇದ್ದರೆ ಸಾಕು ಅಂತಾಯಿತು. ಅದೇ ವಿಷಯದಲ್ಲಿ ಬೇರೆ ರಾಜ್ಯದ ಪೂರ್ತಿ ಲೈಸೆನ್ಸ್ ಇದ್ದ ನನಗೆ ಇಲ್ಲಿ ಮತ್ತೆ ಗಣಿತದ ಪರೀಕ್ಷೆ ಬರೆಯುವ ಪ್ರಸಂಗವೇ ಬರಲಿಲ್ಲ.

ನಿಜವಾದ ಆಟ ಇರುವುದು ಹಳೇ ಊರಿನ ಕಾಗದಗಳಲ್ಲಿ. ಕ್ರೆಡೆನ್ಶಿಯಲ್‌ನಲ್ಲಿ ಎರಡು ಮೆಟ್ಟಿಲು: ಐದು ವರ್ಷದ ಪ್ರಿಲಿಮಿನರಿ, ಆಮೇಲೆ ಕ್ಲಿಯರ್. ಹೊಸಬರು ಪ್ರಿಲಿಮಿನರಿಯಿಂದ ಕ್ಲಿಯರ್‌ಗೆ ಹೋಗಲು ಸಾಮಾನ್ಯವಾಗಿ ಎರಡು ವರ್ಷ ಇಂಡಕ್ಷನ್ ಮಾಡಬೇಕು, ಅಂದರೆ ಪೂರ್ತಿ ಕೆಲಸದ ಜೊತೆಗೆ ಒಬ್ಬ ಮೆಂಟರ್, ಮೀಟಿಂಗು, ಬರವಣಿಗೆ. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಲಿಸಿದವರಿಗೆ ಇದನ್ನು ತಪ್ಪಿಸಿಕೊಳ್ಳುವ ದಾರಿ ಇದೆ, ಆದರೆ "ಕಲಿಸಿದ್ದೇನೆ" ಅಂತ ಬಾಯಲ್ಲಿ ಹೇಳಿದರೆ ನಡೆಯಲ್ಲ, ಮೌಲ್ಯಮಾಪನದ ಪ್ರತಿಗಳು ಬೇಕು. ಟೆಕ್ಸಸ್‌ನವರಿಗೆ ಅದು ಟಿ-ಟೆಸ್, ಅಂದರೆ ಟೀಚರ್ ಹೇಗೆ ಕಲಿಸುತ್ತಾರೆ ಅಂತ ಅಳೆಯುವ ಅಲ್ಲಿನ ವ್ಯವಸ್ಥೆಯ ವರದಿ. ಅದು ಇರುವುದು ಶಾಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ರಾಜೀನಾಮೆ ಕೊಟ್ಟ ಮೇಲೆ ಆ ಲಾಗಿನ್ ಸತ್ತುಹೋಗುತ್ತದೆ, ಬೇಸಿಗೆ ರಜೆಯಲ್ಲಿ ಫೋನ್ ಎತ್ತುವವರೂ ಇರಲ್ಲ. ನಾನು ಮೇ ತಿಂಗಳಲ್ಲೇ, ಇನ್ನೂ ಕೆಲಸದಲ್ಲಿ ಇದ್ದಾಗಲೇ, ವರ್ಷಾವರಿ ವರದಿಗಳನ್ನು ಇಳಿಸಿಕೊಂಡು ಪ್ರಿನ್ಸಿಪಾಲರಿಂದ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಬರೆಸಿಕೊಂಡೆ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ವಿಷಯ, ಪೂರ್ಣಾವಧಿ ಅನ್ನುವುದು ಸ್ಪಷ್ಟವಾಗಿ. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಇನ್ನೊಂದು, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಕಲಿಸುವ ಅನುಮತಿ. ಕ್ಯಾಲಿಫೋರ್ನಿಯಾದಲ್ಲಿ ಗಣಿತದ ಟೀಚರ್‌ಗೂ ಇದು ಬೇಕೇ ಬೇಕು. ಟೆಕ್ಸಸ್‌ನಲ್ಲಿ ನಾನು ಇಎಸ್ಎಲ್ ಪರೀಕ್ಷೆ ಬರೆದು ಲೈಸೆನ್ಸಿಗೆ ಸೇರಿಸಿಕೊಂಡಿದ್ದೆ, ಅದನ್ನೇ ಇಲ್ಲಿ ಒಪ್ಪಿದರು. ಹೊರಡುವ ಮುಂಚೆ ಸಮಯ ಇದ್ದರೆ ಅಲ್ಲೇ ಮುಗಿಸಿಕೊಂಡು ಬನ್ನಿ, ಇಲ್ಲಿ ಅದಕ್ಕಿರುವ ಸಿಟೆಲ್ ಅಂದರೆ ಮೂರು ಭಾಗದ ಪರೀಕ್ಷೆ.

ಬೆರಳಚ್ಚು ಮಾತ್ರ ಮತ್ತೆ ಕೊಡಬೇಕು. ಟೆಕ್ಸಸ್‌ನಲ್ಲಿ ಕೊಟ್ಟದ್ದು ಇಲ್ಲಿ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ಲೈವ್ ಸ್ಕ್ಯಾನ್, ಅಂದರೆ ಯಂತ್ರದ ಮೇಲೆ ಬೆರಳಿಟ್ಟು ಕೊಡುವುದು, ಸುಲಭ, ಹೊರಗಿನಿಂದ ಕಳಿಸುವುದಾದರೆ ಇಂಕ್ ಹಚ್ಚಿದ ಕಾರ್ಡ್‌ಗಳು. ನಾನು ಬಂದ ಮೇಲೇ ಮಾಡಿಸಿದೆ. ಸಿಟಿಸಿ ಅರ್ಜಿ ನೋಡೋಕೆ 50 ಕೆಲಸದ ದಿನದವರೆಗೂ ತೆಗೆದುಕೊಳ್ಳಬಹುದು, ಆದರೆ ಕೆಲಸ ಕೊಟ್ಟ ಡಿಸ್ಟ್ರಿಕ್ಟ್ (ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಕೌಂಟಿ ಕಚೇರಿಯಿಂದ ತಾತ್ಕಾಲಿಕ ಸರ್ಟಿಫಿಕೇಟ್ ಮಾಡಿಸಿದರೆ ಅಷ್ಟರಲ್ಲೇ ಕ್ಲಾಸಿಗೆ ಹೋಗಬಹುದು. ಬೆರಳಚ್ಚು ಕ್ಲಿಯರ್ ಆಗದೆ ಅದೂ ಸಿಗಲ್ಲ.

ಈಗ ನಮ್ಮವರ ತಲೆನೋವು: ಊರಿನ ಡಿಗ್ರಿ. ನಂದು ಮೈಸೂರಿನ ಬಿ.ಎಸ್ಸಿ., ಬಿ.ಎಡ್. ಅದು ಇಲ್ಲಿನ ಯಾವ ಪದವಿಗೆ ಸಮ ಅಂತ ಮೌಲ್ಯಮಾಪನ ಮಾಡುವ ಸಂಸ್ಥೆ ಸಿಟಿಸಿ ಪಟ್ಟಿಯಲ್ಲಿ ಇರಬೇಕು, ಟೆಕ್ಸಸ್‌ಗೆ ಮಾಡಿಸಿದ ವರದಿ ಇದೆ ಅಂತ ಸುಮ್ನೆ ಕೂರಬೇಡಿ, ಆ ಸಂಸ್ಥೆ ಇಲ್ಲಿನ ಪಟ್ಟಿಯಲ್ಲೂ ಇದೆಯಾ ನೋಡಿ. ಮೂರು ವರ್ಷದ ಬಿ.ಎಸ್ಸಿ. ಒಂದನ್ನೇ ಕೆಲವು ಸಂಸ್ಥೆಗಳು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಅನ್ನುವುದಿಲ್ಲ, ಆದ್ದರಿಂದ ಬಿ.ಎಡ್. ಅಂಕಪಟ್ಟಿಯನ್ನೂ ಜೊತೆಗೇ ಕಳಿಸಿ. ಒಂದೊಂದು ವಿಷಯಕ್ಕೂ ಕ್ರೆಡಿಟ್ ತೋರಿಸುವ ವರದಿಯನ್ನೇ ಕೇಳಿ, ಮೊತ್ತ ಮಾತ್ರ ಹೇಳುವ ಅಗ್ಗದ ವರದಿ ಬೇಡ. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿರುತ್ತೆ ಅಲ್ವಾ, ಎರಡೂ ಒಬ್ಬರೇ ಅನ್ನುವ ಅಫಿಡವಿಟ್ ಒಂದು ಇಟ್ಟುಕೊಂಡಿರಿ.

ಆ ವಿವರವಾದ ವರದಿ ಸಂಬಳಕ್ಕೂ ಬೇಕು. ಡಿಸ್ಟ್ರಿಕ್ಟ್‌ನ ಸಂಬಳ ಪಟ್ಟಿಯಲ್ಲಿ ಕೆಳಕ್ಕೆ ಇಳಿದಂತೆ ಅನುಭವದ ವರ್ಷ, ಅಡ್ಡಕ್ಕೆ ಹೋದಂತೆ ಪದವಿಯ ಮೇಲೆ ಓದಿದ ಯೂನಿಟ್‌ಗಳು, ಅಂದರೆ ಕ್ರೆಡಿಟ್‌ಗಳು. ಯೂನಿಟ್ ಹೆಚ್ಚಾದಷ್ಟೂ ಸಂಬಳ ಹೆಚ್ಚು. ಪದವಿಗೆ ಲೆಕ್ಕ ಹಾಕಿ ಉಳಿದ ಯೂನಿಟ್‌ಗಳಿದ್ದರೆ ಕಾಲಂ ಬದಲಾಗಬಹುದು, ಕೇಳದಿದ್ದರೆ ಯಾರೂ ತಾವಾಗಿ ಹಾಕಲ್ಲ. ಹೊರಗಿನ ಅನುಭವದಲ್ಲಿ ಎಷ್ಟು ವರ್ಷ ಒಪ್ಪುತ್ತಾರೆ ಅನ್ನುವುದೂ ಒಂದೊಂದು ಡಿಸ್ಟ್ರಿಕ್ಟ್‌ನಲ್ಲಿ ಒಂದೊಂದು ಥರ. ಸಹಿ ಹಾಕುವ ಮೊದಲು ಎಚ್ಆರ್ ಹತ್ತಿರ ಇವೆರಡನ್ನೂ ಕೇಳಿ, ದಾಖಲೆ ಕೊಡೋಕೆ ಕೊನೇ ದಿನ ಯಾವುದು ಅಂತ ಇಮೇಲ್‌ನಲ್ಲೇ ಬರೆಸಿಕೊಳ್ಳಿ.