ರೇಡಾರ್ ಎಲ್ಲಿ ಕೂರಿಸೋದು? ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ

ನನ್ನ ಮೊದಲ ರೇಡಾರನ್ನು ಹಾಯಿದೋಣಿಯ ಕಂಬದಲ್ಲಿ ಕೈಗೆಟುಕಿದಷ್ಟು ಮೇಲಕ್ಕೆ ಏರಿಸಿದ್ದೆ. ನೀರಿನಿಂದ 9 ಮೀಟರ್. ಮೇಲಿದ್ದಷ್ಟೂ ಒಳ್ಳೆಯದು ಅಂತ ಅಂದುಕೊಂಡಿದ್ದೆ. ದೂರದ ಹಡಗುಗಳೇನೋ ಚೆನ್ನಾಗಿಯೇ ಕಂಡವು. ಒಂದು ದಿನ ದಟ್ಟ ಮಂಜಿನಲ್ಲಿ ಮೂವತ್ತು ಮೀಟರ್ ಪಕ್ಕದಲ್ಲೇ ಒಂದು ಸಣ್ಣ ದೋಣಿ ಇತ್ತು. ಸ್ಕ್ರೀನಿನಲ್ಲಿ ಅದರ ಸುಳಿವೇ ಇಲ್ಲ. ಅದರಲ್ಲಿದ್ದವರು ಕೂಗಿದ್ದರಿಂದ ಬಚಾವಾದೆವು.

ಅಂದಿನಿಂದ ಯಾರಾದರೂ ರೇಡಾರ್ ಹಾಕಿಸುತ್ತೇನೆ ಅಂದರೆ ನಾನು ಮೊದಲು ಕೇಳುವುದು ಒಂದೇ: ನಿಮಗೆ ಕಾಣಬೇಕಾದದ್ದು ಏನು, ಎಷ್ಟು ದೂರದ್ದು?

ಎತ್ತರದ ಲೆಕ್ಕ ಸುಲಭ. ರೇಡಾರ್ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 2.2ರಿಂದ ಗುಣಿಸಿ. ಅದು ಎಷ್ಟು ನಾಟಿಕಲ್ ಮೈಲಿಗೆ (ಒಂದು ಅಂದರೆ ಸುಮಾರು 1.85 ಕಿಲೋಮೀಟರ್) ದಿಗಂತ ಸಿಗುತ್ತದೆ ಅನ್ನುವುದು. 4 ಮೀಟರಿಗೆ 4.4 ಮೈಲಿ. 9 ಮೀಟರಿಗೆ 6.6 ಮೈಲಿ. ನೋಡಿ, ಎತ್ತರ ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ಗಿಟ್ಟಿದ್ದು ಎರಡು ಮೈಲಿ ಚಿಲ್ಲರೆ. ಎದುರಿನ ವಸ್ತುವಿನ ಎತ್ತರವೂ ಇದೇ ಲೆಕ್ಕದಲ್ಲಿ ಕೂಡುತ್ತದೆ. 25 ಮೀಟರ್ ಎತ್ತರದ ಹಡಗು ತಾನೇ 11 ಮೈಲಿ ತರುತ್ತದೆ. ಅಂದರೆ ನಿಮ್ಮ ರೇಡಾರ್ 4 ಮೀಟರಿನಲ್ಲಿದ್ದರೂ ದೊಡ್ಡ ಹಡಗು 15 ಮೈಲಿ ದೂರದಲ್ಲೇ ದಿಗಂತದ ಮೇಲೆ ಬಂದಿರುತ್ತದೆ. ಸಣ್ಣ ಬೋಟಿನವರಿಗೆ ಅಷ್ಟು ಸಾಲದಾ?

ಇನ್ನು ಹತ್ತಿರದ ಕಥೆ. ಸಣ್ಣ ಡೋಮ್ ರೇಡಾರಿನ (ಆಂಟೆನಾ ಗುಂಡನೆ ಮುಚ್ಚಿದ ಡಬ್ಬದೊಳಗೆ ತಿರುಗುವಂಥದ್ದು) ಕಿರಣ ಮೇಲೆ-ಕೆಳಗೆ ಸುಮಾರು 25 ಡಿಗ್ರಿ ಅಗಲ ಇರುತ್ತದೆ. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಕೆಳಗಿನ ಅಂಚು ನೀರು ಮುಟ್ಟುವವರೆಗಿನ ಜಾಗ ಕುರುಡು. ಎತ್ತರವನ್ನು ನಾಲ್ಕೂವರೆಯಿಂದ ಗುಣಿಸಿದರೆ ಆ ದೂರ ಸಿಗುತ್ತದೆ. ನನ್ನ 9 ಮೀಟರಿಗೆ ಅದು 40 ಮೀಟರ್. ಆ ಸಣ್ಣ ದೋಣಿ ಸರಿಯಾಗಿ ಅದರೊಳಗೇ ಇತ್ತು. ಸಾಲದ್ದಕ್ಕೆ, ಮೇಲೆ ಹೋದಷ್ಟೂ ಅಲೆಗಳ ಪ್ರತಿಧ್ವನಿ ಸ್ಕ್ರೀನ್ ತುಂಬಾ ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಐದಾರು ಕಿಲೋ ತೂಕ ತುದಿಯಲ್ಲಿ ಕೂತರೆ ದೋಣಿಯ ಓಲಾಟವೂ ಹೆಚ್ಚು.

ಈಗ ನನ್ನದು ಹಿಂಬದಿಯಲ್ಲಿ ನಿಲ್ಲಿಸಿದ ಒಂದು ಕೊಳವೆಯ ಮೇಲಿದೆ. 3 ಮೀಟರ್. ಏಣಿ ಇಲ್ಲದೆ ಬಿಚ್ಚಬಹುದು. ಅದೂ ಒಂದು ಲಾಭ, ಕಂಬ ಹತ್ತಿ ಸ್ಪ್ಯಾನರ್ ಬೀಳಿಸಿಕೊಂಡವರಿಗೆ ಗೊತ್ತು.

ಹಾಯಿದೋಣಿಗೆ ಇನ್ನೊಂದು ತೊಂದರೆ ಇದೆ. ಗಾಳಿಗೆ ದೋಣಿ 20 ಡಿಗ್ರಿ ವಾಲಿತು ಅಂದುಕೊಳ್ಳಿ. ಕಿರಣದ ಅರ್ಧ ಅಗಲ ಹನ್ನೆರಡೂವರೆ ಡಿಗ್ರಿ ತಾನೇ? ಗಾಳಿ ಬರುವ ಕಡೆ ಕಿರಣ ಆಕಾಶ ನೋಡುತ್ತದೆ, ಇನ್ನೊಂದು ಕಡೆ ನೀರಿಗೆ ತಲೆ ಹಾಕುತ್ತದೆ. ಎರಡೂ ಪಕ್ಕದಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ತೀರಾ ವಾಲಿಸಿಕೊಂಡೇ ಓಡಿಸುವವರು ತಾನಾಗಿ ಸಮತಟ್ಟಾಗಿ ನಿಲ್ಲುವ ಸ್ಟ್ಯಾಂಡಿಗೆ ಖರ್ಚು ಮಾಡಿದರೆ ದಂಡವಲ್ಲ. ಮೋಟಾರ್ ಬೋಟಿನವರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ವೇಗ ಏರಿದಾಗ ಮೂತಿ ಎದ್ದು ಮುಂದಿನ ನೀರು ತಪ್ಪುತ್ತದೆ. ನೀವು ಮಾಮೂಲಿ ಓಡಿಸುವ ವೇಗದಲ್ಲಿ ಡೋಮ್ ಮಟ್ಟವಾಗಿರಬೇಕು, ಕಟ್ಟಿ ಹಾಕಿದಾಗ ಅಲ್ಲ. ಡೋಮಿನ ಹಿಂಬದಿಯ ಅಡಿಗೆ ನಾಲ್ಕೈದು ಡಿಗ್ರಿಯ ಬೆಣೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮನುಷ್ಯರ ತಲೆ ಕಿರಣದ ಮಟ್ಟದಲ್ಲಿ ಬರಲೇಬಾರದು. ಚುಕ್ಕಾಣಿ ಹಿಡಿದವರು ನಿಂತರೂ ಅಷ್ಟೇ, ಯಾರೋ ಕ್ಯಾಬಿನ್ ಮೇಲೆ ಹತ್ತಿದರೂ ಅಷ್ಟೇ. ಮ್ಯಾಗ್ನೆಟ್ರಾನ್ (ಬಲವಾದ ರೇಡಿಯೊ ತರಂಗ ಹುಟ್ಟಿಸುವ ಹಳೆಯ ಬಗೆಯ ಕೊಳವೆ) ಇರುವ ರೇಡಾರಿನಲ್ಲಿ ಇದು ಆರೋಗ್ಯದ ಪ್ರಶ್ನೆ. ಹೊಸ ಬಗೆಯವು ಕಡಿಮೆ ಶಕ್ತಿಯವು, ಆದರೂ ಕೈಪಿಡಿಯಲ್ಲಿ ಬರೆದಿರುವ ಸುರಕ್ಷಿತ ದೂರ ಓದಿಕೊಳ್ಳಿ. ತಲೆಗಳು ಕಿರಣಕ್ಕೂ ಅಡ್ಡವೇ.

ಅಡ್ಡದ ವಿಷಯದಲ್ಲಿ ಜನ ಅತಿಯಾಗಿ ಹೆದರುತ್ತಾರೆ. ಒಳಗಿನ ಆಂಟೆನಾ ಅರ್ಧ ಮೀಟರಿನ ಆಸುಪಾಸು ಅಗಲ. ಐದು ಮೀಟರ್ ಮುಂದಿರುವ ತೆಳ್ಳನೆ ಕಂಬ ಅದನ್ನು ಪೂರ್ತಿ ಮರೆಮಾಡಲಾರದು, ಸ್ವಲ್ಪ ಮಂಕಾಗಿಸುತ್ತದೆ ಅಷ್ಟೇ. ಡೋಮಿಗೆ ಅಂಟಿಕೊಂಡಂತಿರುವ ದಪ್ಪ ಕಂಬ ಮಾತ್ರ ನಿಜವಾದ ಕುರುಡು ಪಟ್ಟಿ ಮಾಡುತ್ತದೆ. ಅಂಥದ್ದು ತಪ್ಪಿಸಲಾಗದಿದ್ದರೆ ಆ ಪಟ್ಟಿ ಹಿಂದಕ್ಕೆ ಬರುವ ಹಾಗೆ ಕೂರಿಸಿ.

ಜಾಗ ಮನಸ್ಸಿನಲ್ಲಿ ನಿಂತಿತಾ? ಇನ್ನೂ ಕೊರೆಯಬೇಡಿ. ರಟ್ಟಿನಲ್ಲಿ ಡೋಮಿನ ಅಳತೆಯ ಡಬ್ಬ ಮಾಡಿ ಅಲ್ಲಿ ಕಟ್ಟಿ, ಒಂದು ದಿನ ಓಡಾಡಿ. ಗೆಳೆಯನೊಬ್ಬನ ದೋಣಿಯಲ್ಲಿ ಹೀಗೆ ಮಾಡಿದೆವು. ದಿಕ್ಕು ಬದಲಿಸುವಾಗ ಮುಂದಿನ ಹಾಯಿ ಪ್ರತಿ ಸಲವೂ ರಟ್ಟಿಗೆ ಉಜ್ಜಿತು, ಸಂಜೆಗೆ ಡಬ್ಬ ಚಿಂದಿ. ಅರ್ಧ ಮೀಟರ್ ಕೆಳಗಿಳಿಸಿ, ಸುತ್ತ ಉಕ್ಕಿನ ಬಳೆ ಹಾಕಿಸಿದ.

ಜತೆಗೆ ದಿಕ್ಸೂಚಿಯ ಹತ್ತಿರ ರೇಡಾರ್ ತಂದು ಮುಳ್ಳು ನೋಡಿ. ಮ್ಯಾಗ್ನೆಟ್ರಾನಿನಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ, ಮುಳ್ಳು ಕದಲಿದರೆ ದೂರ ಸರಿಸಿ. ಜಿಪಿಎಸ್ ಮತ್ತು ಉಪಗ್ರಹ ಆಂಟೆನಾಗಳು ಕಿರಣದ ಮಟ್ಟದಲ್ಲಿ ಬೇಡ.

ಕೇಬಲ್ ದಾರಿಯನ್ನು ದಾರ ಹಿಡಿದು ಅಳೆಯಿರಿ. ಮೂಲೆ ಮೂಲೆ ತಿರುಗಿದರೆ ಕಣ್ಣಂದಾಜು ಯಾವಾಗಲೂ ಕಮ್ಮಿ ಬೀಳುತ್ತದೆ. ತುದಿಯ ಪ್ಲಗ್ ದಪ್ಪ, ತೂತು ಅದಕ್ಕೆ ತಕ್ಕಂತಿರಲಿ. ಕತ್ತರಿಸಿ ಮತ್ತೆ ಜೋಡಿಸುವ ಆಸೆ ಬೇಡ. ಒಳಹೋಗುವ ಮುಂಚೆ ಕೇಬಲ್ ಒಮ್ಮೆ ಕೆಳಗೆ ಜೋತು ಬರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕೂರಿಸಿದ ಮೇಲೆ ಒಂಟಿಯಾಗಿರುವ ಒಂದು ಗುರುತಿನ ಕಡೆಗೆ ಮೂತಿ ನೇರ ಇಟ್ಟು ನೋಡಿ. ಸ್ಕ್ರೀನಿನಲ್ಲಿ ಅದು ಮುಂದಿನ ಗೆರೆಯ ಮೇಲೇ ಬೀಳಬೇಕು. ಪಕ್ಕಕ್ಕೆ ಬಿದ್ದರೆ ಮೆನುವಿನಲ್ಲಿ ತಿದ್ದಿ, ಬೋಲ್ಟ್ ಸಡಿಲಿಸುವ ಅಗತ್ಯವಿಲ್ಲ. ಆಮೇಲೆ ಸೀಲಂಟ್ ಹಚ್ಚುವಾಗ ಡೋಮಿನ ತಳದಲ್ಲಿ ಸಣ್ಣ ತೂತು ಇದ್ದರೆ ಅದನ್ನು ಮುಚ್ಚಬೇಡಿ. ಒಳಗಿನ ನೀರು ಹೋಗಲೆಂದೇ ಅದು ಇರುವುದು. ನಾನು ನೀಟಾಗಿರಲಿ ಅಂತ ಒಮ್ಮೆ ಮುಚ್ಚಿದ್ದೆ.